ಪದಚರ್ಚೆ: ಚೌಕಟ್ಟೋ, ಹಂದರವೋ?

ಪ್ರಶ್ನೆ

ನಮಸ್ಕಾರ. ಉಪನ್ಯಾಸವೊಂದರ ಫಲಕ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಮೆಟಲ್-ಆರ್ಗ್ಯಾನಿಕ್ ಫ್ರೇಮ್‌ವರ್ಕ್‌ಗಳ (ಲೋಹದ ಅಯಾನುಗಳನ್ನು ಸಾವಯವ ಅಣುಗಳಿಂದ ಹೆಣೆದ ಹರಳುಗಳ) ಕಾಂತಗುಣವನ್ನು ನ್ಯೂಟ್ರಾನ್ ಸ್ಕ್ಯಾಟರಿಂಗ್‌ನಿಂದ (ಆ ಕಣಗಳು ವಸ್ತುವಿಗೆ ತಾಗಿ ಚದುರುವ ಬಗೆಯಿಂದ) ಅರಿಯುವುದು ವಿಷಯ. ‘ಲೋಹ-ಸಾವಯವ ಚೌಕಟ್ಟುಗಳ ಕಾಂತತ್ವ: ನ್ಯೂಟ್ರಾನ್ ವಿವರ್ತನೆಯ ಅಧ್ಯಯನ’ ಎಂದು ಬರೆದಿಟ್ಟಿದ್ದೇನೆ. ಸರಿಯೇ?

ಮರುನುಡಿ 1

ಇದರಲ್ಲಿ ಕನ್ನಡ ಎಲ್ಲಿದೆ? ಮ್ಯಾಗ್ನೆಟ್ಟಿಗೆ ಸೂಜಿಗಲ್ಲು ಎಂಬ ಚೆಂದದ ಪದವಿದೆ. ಅದು ಸೆಳೆಯುತ್ತದೆ, ಆದ್ದರಿಂದ ಅದರ ಗುಣ ‘ಸೆಳೆತನ’. ಚೌಕಟ್ಟು ಒಂದೇ ನಮ್ಮದು, ಅದನ್ನು ಬಿಡಬೇಡಿ.

ಮರುನುಡಿ 2

ಸೆಳೆತನ ನಡೆಯದು. 1949ರಲ್ಲಿ ಭೌತವಿಜ್ಞಾನಿಗಳಾದ ಶಲ್ ಮತ್ತು ಸ್ಮಾರ್ಟ್ ಮ್ಯಾಂಗನೀಸ್ ಆಕ್ಸೈಡಿನ ಪುಡಿಯನ್ನು 80 ಕೆಲ್ವಿನ್‌ಗೆ ತಣಿಸಿ ಅದರ ಮೇಲೆ ನ್ಯೂಟ್ರಾನ್‌ಗಳನ್ನು ಹಾಯಿಸಿದರು. ಕೋಣೆಯ ಉಷ್ಣತೆಯಲ್ಲಿ ಇಲ್ಲದ ಹೊಸ ಶಿಖರಗಳು ಚದುರಿದ ನ್ಯೂಟ್ರಾನ್‌ಗಳ ನಕ್ಷೆಯಲ್ಲಿ ಎದ್ದವು. ಅರ್ಧದಷ್ಟು ಮ್ಯಾಂಗನೀಸ್ ಪರಮಾಣುಗಳ ಸ್ಪಿನ್ (ಪರಮಾಣುವನ್ನು ಪುಟ್ಟ ಕಾಂತವಾಗಿಸುವ ಗುಣ) ಒಂದು ದಿಕ್ಕಿಗೆ, ಇನ್ನರ್ಧದ್ದು ಅದರ ಎದುರು ದಿಕ್ಕಿಗೆ ಸಾಲುಗಟ್ಟಿದ್ದವು. ಅಂಥ ವಸ್ತು ಒಂದು ಸೂಜಿಯನ್ನೂ ಸೆಳೆಯದು, ಆದರೂ ಅದರೊಳಗೆ ಕಾಂತತ್ವ ತುಂಬಿದೆ. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ, ಕಾಂತಗುಣವಿದೆ. ಹೊರಗೆ ತೋರದ ಈ ಸಾಲನ್ನು ಅದು ಕಾಣಿಸುವುದು ಅದಕ್ಕೇ. ಸೆಳೆತವನ್ನೇ ಹೆಸರಾಗಿಸಿದರೆ ಉಪನ್ಯಾಸದ ತಿರುಳೇ ಸುಳ್ಳಾಗುತ್ತದೆ. ಕಾಂತತ್ವ ಇರಲಿ.

ವಿವರ್ತನೆ (ಡಿಫ್ರಾಕ್ಷನ್) ಬೇಡ, ಅರ್ಥ ಕಿರಿದಾಗುತ್ತದೆ. ಪರಮಾಣುಗಳು ಎಲ್ಲಿವೆ, ಸ್ಪಿನ್‌ಗಳು ಹೇಗೆ ನಿಂತಿವೆ ಎಂಬುದನ್ನಷ್ಟೇ ಅದು ಹೇಳುತ್ತದೆ. ನ್ಯೂಟ್ರಾನ್ ಶಕ್ತಿಯನ್ನು ಕೊಟ್ಟು ಅಥವಾ ಪಡೆದು ಹೊರಬಂದಾಗ ಆ ಸ್ಪಿನ್‌ಗಳ ಕಂಪನವೂ ತಿಳಿಯುತ್ತದೆ. ಮೊದಲನೆಯ ದಾರಿಗೆ ಶಲ್, ಎರಡನೆಯದಕ್ಕೆ ಬ್ರಾಕ್‌ಹೌಸ್ 1994ರ ನೊಬೆಲ್ ಹಂಚಿಕೊಂಡರು. ಎರಡನ್ನೂ ಒಳಗೊಳ್ಳುವ ಪದ ‘ಚದುರಿಕೆ’.

ಇನ್ನು ಚೌಕಟ್ಟು. ‘ಚೌ’ ಎಂದರೆ ನಾಲ್ಕು, ಅದೇ ಎರವಲು! ಅದಿರಲಿ, ಎರವಲೆಂದು ನಾನು ಪದವನ್ನು ತಳ್ಳುವವನಲ್ಲ. ಚೌಕಟ್ಟು ಎಂದರೆ ಬಾಗಿಲಿಗೋ ಪಟಕ್ಕೋ ಸುತ್ತ ಹಾಕಿದ ಕಟ್ಟು. ಇಲ್ಲಿರುವುದು ಮೂರು ದಿಕ್ಕಿಗೂ ಹಬ್ಬಿದ ತೆರೆದ ರಚನೆ: ಲೋಹದ ಅಯಾನುಗಳು ಗಂಟು, ಸಾವಯವ ಅಣುಗಳು ಬಿದಿರ ಗಳುಗಳಂತೆ, ನಡುವೆ ಖಾಲಿ ಜಾಗ. ಬಳ್ಳಿ ಹಬ್ಬಿಸಲು ಗಳುಗಳನ್ನು ಅಡ್ಡಡ್ಡ ಇಟ್ಟು ಕಟ್ಟುವುದನ್ನು ಏನೆನ್ನುತ್ತೇವೆ? ಹಂದರ. ಹಳಗನ್ನಡದ ‘ಪಂದರ’ದ ಪಕಾರ ಹಕಾರವಾಗಿ ಉಳಿದು ಬಂದ ಪದ. ಅಪ್ಪಟ ಬೇಕೆನ್ನುವವರಿಗೂ ಸಲ್ಲುತ್ತದೆ.

ಮರುನುಡಿ 1

ಹಂದರ ಒಪ್ಪಿದೆ. ಕಾಂತತ್ವ ಒಪ್ಪಲಾರೆ. ಸಂಸ್ಕೃತದ ‘ಅಯಸ್ಕಾಂತ’ ಎಂದರೂ ಕಬ್ಬಿಣಕ್ಕೆ ಪ್ರಿಯವಾದದ್ದು, ಅಲ್ಲಿಯೂ ಸೆಳೆತವೇ. ಅದಕ್ಕೆ ಕೊಡುವ ರಿಯಾಯಿತಿ ಕನ್ನಡಕ್ಕೇಕಿಲ್ಲ?

ಮರುನುಡಿ 2

‘ಕಾಂತ’ದಲ್ಲಿ ಆ ಸೆಳೆತ ಓದುಗನ ಕಿವಿಗೆ ಈಗ ಬೀಳುವುದಿಲ್ಲ, ‘ಸೆಳೆ’ಯಲ್ಲಿ ಬೀಳುತ್ತದೆ. ರಿಯಾಯಿತಿ ಅಷ್ಟಕ್ಕೇ.

ಪ್ರಶ್ನೆ ಕೇಳಿದವರು

‘ಲೋಹ-ಸಾವಯವ ಹಂದರಗಳ ಕಾಂತತ್ವ: ನ್ಯೂಟ್ರಾನ್ ಚದುರಿಕೆಯಿಂದ ಕಂಡದ್ದು’ ಎಂದು ಅಚ್ಚಿಗೆ ಕಳುಹಿಸುತ್ತಿದ್ದೇನೆ. ಇಬ್ಬರಿಗೂ ವಂದನೆಗಳು.

ಮರುನುಡಿ 1

ನ್ಯೂಟ್ರಾನನ್ನು ಹಾಗೆಯೇ ಬಿಟ್ಟಿರಲ್ಲ?