ಸಹಿ ಸಂಗ್ರಹಕ್ಕೆ ‘ಮನವಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕ್ಯಾಲಿಫೋರ್ನಿಯಾದಲ್ಲಿ ಹೊಸದಾಗಿ ಮತದಾರರಾದ ಕನ್ನಡಿಗರಿಗಾಗಿ ಒಂದು ಕಿರು ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ಅಲ್ಲಿ 1911ರಿಂದಲೂ ಜನರೇ ಸಹಿ ಕೂಡಿಸಿ ಒಂದು ಕಾನೂನನ್ನು ಮತಕ್ಕೆ ಹಾಕಿಸಬಹುದು. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ 5ರಷ್ಟು ಸಹಿ ಬೇಕು. ರಾಜ್ಯದ ಸಂವಿಧಾನ ತಿದ್ದುಪಡಿಗಾದರೆ ಶೇ 8. ಈ ‘ಪಿಟಿಷನ್’ಗೆ ‘ಮನವಿ’ ಎಂದು ಬರೆದರೆ ಅರ್ಥ ಕೆಡುತ್ತದೆ ಅನ್ನಿಸುತ್ತದೆ. ನಮ್ಮಲ್ಲಿ ತಹಶೀಲ್ದಾರರಿಗೆ ಮನವಿ ಕೊಟ್ಟರೆ ಮುಂದಿನದು ಅವರ ಕೈಯಲ್ಲಿ, ಅಲ್ವಾ? ಇಲ್ಲಿ ಯಾರನ್ನೂ ಬೇಡಿಕೊಳ್ಳುತ್ತಿಲ್ಲ. ಅರ್ಹ ಮತದಾರರ ಸಹಿ ಸಾಕಷ್ಟಿದ್ದರೆ ಪ್ರಶ್ನೆ ಮತಪತ್ರಕ್ಕೆ ಏರುತ್ತದೆ. ಹಾಗಾಗಿ ಕೆಲಸಕ್ಕೆ ‘ಸಹಿ ಸಂಗ್ರಹ’, ಆ ಪ್ರಶ್ನೆಗೆ ‘ಜನಪ್ರಸ್ತಾವ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ.

ಆದರೆ ‘ಬ್ಯಾಲೆಟ್ ಮೆಷರ್’, ಅಂದರೆ ಮತಪತ್ರದಲ್ಲಿ ಜನರ ಮುಂದಿಡುವ ಯಾವುದೇ ಪ್ರಶ್ನೆ, ಇದಕ್ಕಿಂತ ವಿಶಾಲವಾದ ಪದ. ಒಹಾಯೊ ರಾಜ್ಯವನ್ನೇ ನೋಡಿ. 2023ರ ನವೆಂಬರಿನಲ್ಲಿ ಗರ್ಭಪಾತದ ಹಕ್ಕಿನ ತಿದ್ದುಪಡಿ ಗೆದ್ದಿತು. ಅದು ಸಹಿಗಳಿಂದ ಬಂದದ್ದು. ಅದೇ ವರ್ಷದ ಆಗಸ್ಟಿನಲ್ಲಿ, ರಾಜ್ಯ ಸಂವಿಧಾನದ ತಿದ್ದುಪಡಿಗಳು ಗೆಲ್ಲಲು ಶೇ 60 ಮತ ಬೇಕು ಎಂಬ ಪ್ರಶ್ನೆಯನ್ನು ಶಾಸಕರು ಇಟ್ಟಿದ್ದರು. ಬೇಸಿಗೆ ರಜೆಯ ನಡುವೆಯೂ 30 ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು, ಅದು ಸೋತಿತು. ಎರಡೂ ‘ಬ್ಯಾಲೆಟ್ ಮೆಷರ್’ಗಳೇ, ಆದರೆ ಜನಪ್ರಸ್ತಾವ ಒಂದೇ. ಎರಡಕ್ಕೂ ಹೊಂದುವಂತೆ ‘ಮತದ ಪ್ರಶ್ನೆ’ ಅನ್ನಬಹುದೇ? ‘ಜನಮತಗಣನೆ’ ಅಂದರೆ ನನಗೆ 1967ರ ಗೋವಾ ನೆನಪಾಗುತ್ತದೆ. ಅದು ಇಡೀ ಪ್ರದೇಶದ ಹಣೆಬರಹ ತೀರ್ಮಾನಿಸಿದ ಒಂದೇ ದೊಡ್ಡ ಪ್ರಶ್ನೆ. ಇಲ್ಲಿ ಒಂದೇ ಮತಪತ್ರದಲ್ಲಿ ಹತ್ತಾರು ಪ್ರಶ್ನೆ ಇರುವುದುಂಟು.

ನನ್ನನ್ನು ಜಾಸ್ತಿ ಕಾಡುತ್ತಿರುವುದು ‘ಪಾರ್ಟಿಸಿಪೇಷನ್’. ಜನಪ್ರಸ್ತಾವಗಳಿರುವ ಕಡೆ ಮತದಾನ ಸ್ವಲ್ಪ ಏರುತ್ತದೆ, ಅದೂ ಅಧ್ಯಕ್ಷರ ಚುನಾವಣೆ ಇಲ್ಲದ ವರ್ಷಗಳಲ್ಲಿ ಹೆಚ್ಚು ಎನ್ನುತ್ತವೆ ಅಧ್ಯಯನಗಳು. ಅಷ್ಟಕ್ಕೆ ‘ಮತದಾನ ಪ್ರಮಾಣ’ ಸಾಕು. ಆದರೆ ಅಂಗಡಿ ಮುಂದೆ ನಿಂತು ಓದಿ, ಕೇಳಿ, ವಾದಿಸಿ ಸಹಿ ಹಾಕುವುದೂ ಭಾಗವಹಿಸುವಿಕೆಯೇ. ಅದೇ ಹೊತ್ತಿಗೆ, ಸಹಿ ಕೂಡಿಸುವವರಿಗೆ ದುಡ್ಡು ಕೊಡುವುದನ್ನು ನಿಷೇಧಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಹಾಗಾಗಿ ಸಹಿ ರಾಶಿ ಬಿದ್ದ ಮಾತ್ರಕ್ಕೆ ಜನರ ಉತ್ಸಾಹವೂ ಅಷ್ಟೇ ಇದೆ ಎಂದು ಹೇಳಲಾಗದು. ಮತದಾನ, ಸಹಿ ಹಾಕುವುದು ಎರಡನ್ನೂ ‘ಜನಸಹಭಾಗಿತ್ವ’ ಎಂಬ ಒಂದೇ ಪದದಡಿ ತುಂಬಲು ನನಗೆ ಮನಸ್ಸಿಲ್ಲ.

ಇನ್ನೊಂದು. ಅಭ್ಯರ್ಥಿಗೆ ಮತ ಹಾಕಿ, ಕೆಳಗಿನ ಪ್ರಶ್ನೆಗಳನ್ನು ಹಾಗೇ ಖಾಲಿ ಬಿಡುವವರು ಬಹಳ. ಇದಕ್ಕೆ ಇಂಗ್ಲಿಷಿನಲ್ಲಿ ‘ರೋಲ್-ಆಫ್’ ಅಂತಾರೆ. ‘ನೋಟಾ’ ಅಲ್ಲ ಇದು, ಅಸಿಂಧು ಮತವೂ ಅಲ್ಲ. ‘ಖಾಲಿ ಬಿಟ್ಟ ಮತ’ ಅಂದರೆ ಓದುಗರಿಗೆ ತಿಳಿದೀತೇ? ಚಿಕ್ಕ ಪದ ಹೊಳೆದರೆ ದಯವಿಟ್ಟು ತಿಳಿಸಿ.