ಸ್ಯಾಡಲ್ ಬೇಟೆಗೆ ಯಾವ ಕ್ಲೈಂಬಿಂಗ್ ಸ್ಟಿಕ್ ತಗೊಳ್ಳಲಿ?

ಮಿಷಿಗನ್ ಕಡೆಯ ಕನ್ನಡದವರಲ್ಲಿ ಮರದ ಮೇಲೆ ಕೂತು ಜಿಂಕೆ ಬೇಟೆ ಆಡುವವರು ಯಾರಾದರೂ ಇದ್ದೀರಾ? ಅಕ್ಟೋಬರ್ 1ಕ್ಕೆ ಬಿಲ್ಲು ಬೇಟೆ ಶುರು. ಸ್ಯಾಡಲ್ (ಮರಕ್ಕೆ ಹಗ್ಗ ಕಟ್ಟಿ ನೇತಾಡಿ ಕೂರುವ ಸೊಂಟದ ಪಟ್ಟಿ) ಬಂದಾಗಿದೆ, ಮರಕ್ಕೆ ಕಟ್ಟಿ ಹತ್ತುವ ಮೆಟ್ಟಿಲು ಕೋಲು, ಅಂದರೆ ಸ್ಟಿಕ್ ಮಾತ್ರ ತೀರ್ಮಾನ ಆಗಿಲ್ಲ. ಸರ್ಕಾರಿ ಜಾಗದಲ್ಲಿ ಮರಕ್ಕೆ ತಿರುಪು ಕೊರೆಯುವ ಮೆಟ್ಟಿಲು ಹಾಕುವಂತಿಲ್ಲ, ಹಾಗಾಗಿ ಪಟ್ಟಿ ಇಲ್ಲವೇ ಹಗ್ಗದಿಂದ ಕಟ್ಟುವುದೇ ಬೇಕು. ಉದ್ದದ ಸ್ಟಿಕ್ ಆದರೆ ಕಡಿಮೆ ಸಾಕು, ಆದರೆ ಪೊದೆಯಲ್ಲಿ ಹೊತ್ತು ನಡೆಯುವಾಗ ಸಿಕ್ಕಿಕೊಳ್ಳುತ್ತವೆ. ಗಿಡ್ಡದಾದರೆ ಕೆಳಗೆ ಕಾಲಿಡಲು ಏಡರ್ ಅನ್ನುವ ಕುಣಿಕೆ ನೇತುಹಾಕಬೇಕು, ಕತ್ತಲಲ್ಲಿ ದಪ್ಪ ಬೂಟು ಹಾಕಿಕೊಂಡು ಆ ತೂಗಾಡುವ ಕುಣಿಕೆಗೆ ಕಾಲಿಡುವುದು ನನಗೇನೋ ಸರಿ ಕಾಣುವುದಿಲ್ಲ. ಕಾರ್ಬನ್ ಫೈಬರ್ ಹಗುರ, ಆದರೆ ಬೆಲೆ ತುಂಬಾ ಜಾಸ್ತಿ ಅಲ್ವಾ? ಅಲ್ಯೂಮಿನಿಯಂಗೆ ಬಟ್ಟೆ ಟೇಪ್ ಸುತ್ತಿದರೆ ಟಣ್ ಅನ್ನುವ ಸದ್ದು ನಿಲ್ಲುತ್ತದಾ? ಬಕಲ್ ಪಟ್ಟಿ ಒಳ್ಳೆಯದಾ, ಹಗ್ಗವಾ? ಲೈನ್‌ಮನ್ ಹಗ್ಗ (ಬೀಳದಂತೆ ಸೊಂಟದಿಂದ ಮರದ ಸುತ್ತ ಹಾಕುವುದು) ಕಟ್ಟಿಕೊಂಡೇ ಹತ್ತುತ್ತೇನೆ, ಆ ಬುದ್ಧಿವಾದ ಬೇಡ. ಬಳಸಿದವರು ಹೇಳಿ.