ಪ್ರಶ್ನೋತ್ತರ: ಗ್ರಿಪ್ ಉಳಿದಿರುವ ಹಳೆಯ ಟೈರುಗಳನ್ನು ಬದಲಿಸಬೇಕೇ?

ಪ್ರಶ್ನೆ: ನಮಸ್ಕಾರ. ನಾವು ಕಲಬುರಗಿಯವರು. 2017ರಲ್ಲಿ ಕೊಂಡ ನಮ್ಮ ಕಾರು ಇದುವರೆಗೆ 24,000 ಕಿ.ಮೀ. ಮಾತ್ರ ಓಡಿದೆ, ಹೆಚ್ಚಿನ ದಿನ ಮನೆಯ ಮುಂದೆ ಬಿಸಿಲಿನಲ್ಲೇ ನಿಂತಿರುತ್ತದೆ. ಟೈರುಗಳು ಕಾರಿನೊಂದಿಗೆ ಬಂದವೇ, ಅವುಗಳ ಮೇಲೆ 3117 ಎಂದಿದೆ. ಗ್ರಿಪ್ ಚೆನ್ನಾಗಿದ್ದರೂ ಪಂಕ್ಚರ್ ಹಾಕಿದವರು ನಾಲ್ಕನ್ನೂ ಬದಲಿಸಿ ಎಂದರು. ಮುಂದಿನ ತಿಂಗಳು ಕುಟುಂಬಸಮೇತ ಬೆಂಗಳೂರಿಗೆ ಹೊರಡುವವರಿದ್ದೇವೆ. ಅವರ ಮಾತು ನಿಜವೋ, ವ್ಯಾಪಾರವೋ?

ಉತ್ತರ: ಅವರ ಮಾತು ಸರಿಯಾಗಿದೆ ಸರ್, ಪ್ರಯಾಣಕ್ಕೆ ಮೊದಲೇ ಬದಲಿಸಿ. 3117 ಎಂದರೆ 2017ರ 31ನೇ ವಾರ, ಅಂದರೆ ಆಗಸ್ಟ್ ಆರಂಭದಲ್ಲಿ ತಯಾರಾದ ಟೈರು. ಗ್ರಿಪ್ಪಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದೆಂಬ ನಿಯಮವು ಸವೆತವನ್ನಷ್ಟೇ ಅಳೆಯುತ್ತದೆ. ರಬ್ಬರಿಗೆ ವಯಸ್ಸಾಗುವುದು ಗಾಡಿ ನಿಂತಿದ್ದರೂ ತಪ್ಪುವುದಿಲ್ಲ.

ಟೈರಿನೊಳಗೆ ಒತ್ತಡದಲ್ಲಿರುವ ಗಾಳಿಯ ಆಮ್ಲಜನಕವು ನಿಧಾನವಾಗಿ ರಬ್ಬರಿನ ಪದರಗಳನ್ನು ಹೊಕ್ಕು, ಗ್ರಿಪ್ಪಿನ ಕೆಳಗಿರುವ ಉಕ್ಕಿನ ತಂತಿಯ ಪಟ್ಟಿಗಳನ್ನು (ಬೆಲ್ಟುಗಳನ್ನು) ಒಂದಕ್ಕೊಂದು ಹಿಡಿದಿಟ್ಟಿರುವ ರಬ್ಬರನ್ನು ಗಡಸುಗೊಳಿಸುತ್ತದೆ, ಮತ್ತು ಬಿಸಿ ಹೆಚ್ಚಿದಷ್ಟೂ ಈ ಕ್ರಿಯೆ ಚುರುಕಾಗುತ್ತದೆ. ನಿಮ್ಮೂರಿನ ಬೇಸಿಗೆಯ ಬಗ್ಗೆ ನಾನು ನಿಮಗೆ ಹೇಳಬೇಕಾಗಿಲ್ಲ. ಹೀಗೆ ಒಳಗಿನ ಬೆಲ್ಟುಗಳ ಹಿಡಿತ ಸಡಿಲಿದ ಟೈರು ಊರೊಳಗಿನ ಓಡಾಟದಲ್ಲಿ ಏನನ್ನೂ ತೋರಿಸಿಕೊಳ್ಳದೆ ಇದ್ದು, ತುಂಬಿದ ಕಾರು ಹೆದ್ದಾರಿಯಲ್ಲಿ ಗಂಟೆಗಟ್ಟಲೆ ವೇಗವಾಗಿ ಓಡಿ ಕಾದಾಗ, ಮೇಲ್ಪದರವೇ ಕಿತ್ತುಬರುವಂತೆ ಒಡೆಯಬಹುದು. ರಬ್ಬರನ್ನು ಬಿರುಕುಬಿಡಿಸುವ, ಗಾಳಿಯಲ್ಲಿನ ಓಝೋನ್ ಅನಿಲದಿಂದ ರಕ್ಷಿಸಲು ರಬ್ಬರಿಗೆ ಬೆರೆಸಿರುವ ಮೇಣ ಮತ್ತು ರಾಸಾಯನಿಕಗಳು ಟೈರು ಉರುಳಿ ಬಾಗುವಾಗ ಮೇಲ್ಮೈಗೆ ಚೆನ್ನಾಗಿ ಬರುತ್ತವೆ; ಆದ್ದರಿಂದ ನಿಂತೇ ಇರುವ ಕಾರಿನ ಟೈರಿನ ಪಕ್ಕೆಯಲ್ಲಿ ಬಿರುಕುಗಳು ಬೇಗ ಕಾಣಿಸಿಕೊಳ್ಳುತ್ತವೆ. ಪಕ್ಕೆಯ ಮೇಲೆ ಉಗುರು ಎಳೆದು ನೋಡಿ. ಗೆರೆಗೆ ಉಗುರು ಸಿಕ್ಕಿಕೊಂಡರೆ ಪ್ರಯಾಣದವರೆಗೂ ಕಾಯಬೇಡಿ. ಆದರೆ ಬಿರುಕಿಲ್ಲದಿದ್ದರೆ ಒಳಗೂ ಎಲ್ಲ ಸರಿಯಿದೆ ಎಂದು ತಿಳಿಯುವಂತಿಲ್ಲ.

ಇಂಗ್ಲೆಂಡಿನ ಹಿಂಡ್‌ಹೆಡ್ ಬಳಿ 2012ರಲ್ಲಿ ಮುಂದಿನ ಟೈರು ಒಡೆದು ಬಸ್ಸೊಂದು ಅಪಘಾತಕ್ಕೀಡಾಗಿ ಮೂವರು ಸತ್ತರು. ಆ ಟೈರಿಗೆ ಹತ್ತೊಂಬತ್ತು ವರ್ಷ ದಾಟಿತ್ತು. ಬಸ್ಸು, ಲಾರಿಗಳ ಮುಂದಿನ ಆಕ್ಸೆಲ್‌ಗೆ 10 ವರ್ಷ ಮೀರಿದ ಟೈರು ಹಾಕಬಾರದೆಂಬ ನಿಯಮ ಅಲ್ಲಿ ಬಂದದ್ದು 2021ರ ಫೆಬ್ರವರಿಯಲ್ಲಿ. ಮಿಶೆಲಿನ್ ಕಂಪನಿಯು ಐದು ವರ್ಷಗಳ ಬಳಕೆಯ ನಂತರ ವರ್ಷಕ್ಕೊಮ್ಮೆ ತಜ್ಞರಿಂದ ಪರೀಕ್ಷಿಸಲು, ತಯಾರಾಗಿ ಹತ್ತು ವರ್ಷವಾದ ಮೇಲೆ ನೋಡಲು ಚೆನ್ನಾಗಿದ್ದರೂ ಬದಲಿಸಲು ಹೇಳುತ್ತದೆ. ಹಲವು ಕಾರು ತಯಾರಕರು ಆರೇ ವರ್ಷ ಎನ್ನುತ್ತಾರೆ. ಬಿಸಿಲುನಾಡಿನಲ್ಲಿ ನಾನು ಆರನ್ನೇ ಹಿಡಿಯುತ್ತೇನೆ.

ಪ್ರಶ್ನೆ: ಉತ್ತರಕ್ಕೆ ಧನ್ಯವಾದಗಳು ಸರ್. ಸ್ಟೆಪ್ನಿಯನ್ನು ಒಮ್ಮೆಯೂ ಬಳಸಿಲ್ಲ. ಅದನ್ನೂ ಸೇರಿಸಿಕೊಂಡು ಮೂರೇ ಟೈರು ಕೊಳ್ಳಬಹುದೇ?

ಉತ್ತರ: ಬೇಡ. ಡಿಕ್ಕಿಯಲ್ಲಿದ್ದರೂ ಅದರ ವಯಸ್ಸು ಉಳಿದವುಗಳಷ್ಟೇ. ಪಂಕ್ಚರಾದಾಗ ನಿಧಾನವಾಗಿ ಹತ್ತಿರದ ಅಂಗಡಿ ಸೇರಲು ಮಾತ್ರ ಇಟ್ಟುಕೊಳ್ಳಿ, ಅನುಕೂಲವಾದಾಗ ಅದನ್ನೂ ಬದಲಿಸಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನನ್ನ ಕಾರಿನಲ್ಲಿ ಮುಂದಿನ ಎರಡು ಟೈರು ಮಾತ್ರ ಸವೆದಿವೆ, ಎಲ್ಲಕ್ಕೂ ಮೂರು ವರ್ಷ. ಹೊಸದನ್ನು ಮುಂದೆಯೇ ಹಾಕಿಸಲೇ? ಅಂಗಡಿಯವರು ತೋರಿಸಿದ ಟೈರು ತಯಾರಾಗಿ ಎಂಟು ತಿಂಗಳಾಗಿದೆ.

ಉತ್ತರ: ಹೊಸ ಜೋಡಿ ಹಿಂದಕ್ಕೆ, ಹಿಂದಿನವು ಮುಂದಕ್ಕೆ. ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಆಕ್ಸಿಲರೇಟರ್ ಬಿಟ್ಟು ಬಹುಮಟ್ಟಿಗೆ ಸಂಭಾಳಿಸಬಹುದು. ಹಿಂದಿನದು ಜಾರಿದರೆ ಕಾರೇ ತಿರುಗಿಬಿಡುತ್ತದೆ, ನುರಿತ ಚಾಲಕರಿಗೂ ಅದನ್ನು ತಡೆಯುವುದು ಕಷ್ಟ. ನೆರಳಿನಲ್ಲಿ ಗಾಳಿ ತುಂಬದೆ ಇಟ್ಟಿದ್ದ ಟೈರಿಗೆ ಎಂಟು ತಿಂಗಳು ಹೆಚ್ಚೇನಲ್ಲ. ಎರಡು ವರ್ಷದ ಹಿಂದಿನದನ್ನು ಹೊಸದರ ಬೆಲೆಗೆ ಕೊಟ್ಟರೆ ನಾನಾದರೂ ಒಪ್ಪುವುದಿಲ್ಲ. ವಾರ, ವರ್ಷದ ಅಂಕೆಗಳು ಹಲವು ಟೈರುಗಳಲ್ಲಿ ಒಂದೇ ಪಕ್ಕೆಯಲ್ಲಿರುವುದರಿಂದ ಕೂರಿಸಿದ ಮೇಲೆ ಅವು ಒಳಮುಖವಾಗಿ ಬಿಡಬಹುದು. ಆದ್ದರಿಂದ ರಿಮ್ಮಿಗೆ ಏರಿಸುವ ಮುನ್ನವೇ ನೋಡಿ, ಅವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.